ದೊಡ್ಡದಿದ್ದರ ಚಲೋ

ಜ್ಞಾನದೇವನ ಮೂಗು ಕಟ್ಟದೇ ಇದ್ದಿದ್ದರೆ, ಅಂಕಲಿಯ ಕ್ರೈಸ್ತ ಸಭೆಯ ಆ ಭಾನುವಾರವೂ ಉಳಿದ ಭಾನುವಾರಗಳಂತೆ ಮೂರು ಹಾಡು, ಒಂದು ಪ್ರಸಂಗ, ಅರ್ಧ ಕಪ್ ಚಹದಲ್ಲಿ ಮುಗಿದುಹೋಗುತ್ತಿತ್ತು.

ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಜ್ಞಾನದೇವ ಒಂಬತ್ತು ಮನೆಗಳ ಆ ಪುಟ್ಟ ಸಭೆಯ ಕಾರ್ಯದರ್ಶಿ. ಜೀವನದಲ್ಲಿ ಅವನಿಗೆ ಸಿಕ್ಕ ಒಂದೇ ಒಂದು ಹುದ್ದೆ ಅದು. ಅದೂ ಈಗ ಅಲುಗಾಡುತ್ತಿತ್ತು. ಕ್ರಿಸ್ಮಸ್ಸಿಗೆ ಮೈಕ್ ತರಿಸಿದವನು ವೈರ್ ತರಿಸುವುದನ್ನು ಮರೆತಿದ್ದ. ನಿಪ್ಪಾಣಿಯಿಂದ ಬಂದ ರಾವಸಾಹೇಬ ಪಾಸ್ಟರ್ ಗಂಟಲು ಹರಿಯುವಂತೆ ಪ್ರಸಂಗ ಮಾಡಿ, ಕೊನೆಗೆ ಉಳಿದ ದನಿಯಲ್ಲಿ ಹೇಳಿದ್ದರು:

“ಜ್ಞಾನದೇವ, ನಿಮ್ಮಲ್ಲೆ ದೇವರ ಭಯ ಐತಿ, ಪ್ಲ್ಯಾನಿಂಗ್ ಇಲ್ಲ. ಹೊಸ ವರ್ಷದ ಮೊದಲನೇ ಐತವಾರ ಬರ್ತೀನಿ. ನೀವ ಒಂದ ಕಾರ್ಯಕ್ರಮ ಯೋಜನಾ ಮಾಡಿ ತೋರಸ್ರಿ. ಇಲ್ಲಂದ್ರ ರಜಿಸ್ಟರ್ ಶಿವಾಜಿ ಕೈಯಾಗ ಕೊಡೂಣು.”

ಮುಂದಿನ ಸಾಲಿನಲ್ಲಿ ಕೂತಿದ್ದ ಶಿವಾಜಿ, ರಜಿಸ್ಟರ್ ಆಗಲೇ ತೊಡೆಯ ಮೇಲೆ ಬಂದು ಕೂತಂತೆ ಕಾಲು ಸರಿಮಾಡಿಕೊಂಡಿದ್ದ.

ಜ್ಞಾನದೇವ ಸುಮ್ಮನೆ ಕೂರಲಿಲ್ಲ. ಚಿಕ್ಕೋಡಿಯಲ್ಲಿ ಎರಡು ಸಂಜೆ ನಡೆದ ‘ವಿಶ್ವಾಸಿಯ ಜೀವನದಲ್ಲಿ ಯೋಜನೆ ಮತ್ತು ಗುರಿ’ ಎಂಬ ತರಬೇತಿಗೆ ಹೋಗಿ ಬಂದ. ಗುರಿಯಿಲ್ಲದ ವಿಶ್ವಾಸಿ ಬೋರ್ಡಿಲ್ಲದ ಬಸ್ಸು ಎಂದರು ಅಲ್ಲಿ. ಗುರಿಯನ್ನು ಮೊದಲು ದೇವರ ಮುಂದಿಟ್ಟು ಪ್ರಾರ್ಥಿಸಬೇಕು, ಆಮೇಲೆ ಸಣ್ಣ ಸಣ್ಣ ತುಂಡು ಮಾಡಿ, ತಿಂಗಳಿಗೊಂದರಂತೆ ಮುಗಿಸಬೇಕು ಎಂದರು. ಅವನು ಎಲ್ಲವನ್ನೂ ಮೂರು ಬಣ್ಣದ ಪೆನ್ನಿನಲ್ಲಿ ಬರೆದುಕೊಂಡ. ಬರುವಾಗ ಬಸ್ಸಿನ ಕಿಟಕಿ ಮುಚ್ಚಲಾಗದೆ ನೆಗಡಿಯನ್ನೂ ತಂದ.

ಶನಿವಾರ ಸಂಜೆ ಕಟ್ಟಿದ ಮೂಗಿನಿಂದಲೇ ಫೋನಿಗೆ ಬಾಯಿಟ್ಟು ಸಭೆಯ ಗ್ರೂಪಿಗೆ ಸಂದೇಶ ಹೇಳಿದ. ಫೋನು ತಾನೇ ಬರೆದುಕೊಂಡಿತು. ತಾರೀಖು ಸರಿ, ಹತ್ತೂವರೆ ಗಂಟೆ ಸರಿ, ‘ಪ್ರಾರ್ಥನೆ’ಯ ಒತ್ತಕ್ಷರವೂ ಸರಿ. ಮೂರು ಸಲ ಓದಿ ಕಳಿಸಿದ. ಪಾಸ್ಟರರು ಕೂಡಲೇ ಎರಡು ಹೆಬ್ಬೆರಳು ಹಾಕಿದರು. ಜ್ಞಾನದೇವ ವಾರದಲ್ಲಿ ಮೊದಲ ಸಲ ನಿದ್ದೆ ಮಾಡಿದ.

ಬೆಳಿಗ್ಗೆ ಒಂಬತ್ತಕ್ಕೆ ಸಭೆಯ ಬೀಗ ತೆಗೆಯಲು ಹೋದರೆ ಅಂಗಳದಲ್ಲಿ ಒಂದು ಕುರಿ ನಿಂತಿತ್ತು. ಇವನನ್ನು ಹಳೆಯ ಪರಿಚಯದವನಂತೆ ನೋಡಿ “ಮ್ಯಾ” ಎಂದಿತು. ಬೀಗ ತೆಗೆಯುವಷ್ಟರಲ್ಲಿ ಎರಡಾದವು. ಬೆಂಚು ಒರೆಸಿ ಹೊರಬಂದರೆ ಐದು. ಅವುಗಳ ಹಿಂದೆ, ಸೆರಗಿನಲ್ಲಿ ಒಂದು ಕೋಳಿ ಮುಚ್ಚಿಕೊಂಡು ಮುದುಕಿ ದುಂಡವ್ವ.

“ತಮ್ಮಾ, ನೀ ದೊಡ್ಡದಿದ್ದರ ಚಲೋ ಅಂದಿ. ನನಗ ಕುರಿ ಆಗೂದಿಲ್ಲೋ ಯಪ್ಪಾ. ಕೋಳಿ ನಡೀತೈತೇನು?”

“ಎದಕ್ಕ ಬೇ ಕೋಳಿ?”

“ಕೇಳ್ತಿ ನೋಡು! ನೀನ ಬರದಿ, ನೀನ ಮರತಿ.”

ಅಷ್ಟರಲ್ಲಿ ಅವನ ಹೆಂಡತಿ ಉಜ್ವಲಾ ಫೋನು ಹಿಡಿದು ಓಡಿಬಂದಳು. “ಏನ್ರಿ ಇದು? ಓದ್ರಿ. ಜ್ವಾಕಿಲೆ ಓದ್ರಿ.”

ಜ್ಞಾನದೇವ ನಾಲ್ಕನೆಯ ಸಲ ಓದಿದ:

‘ಪ್ರಿಯರೇ, ನಾಳೆ ಜನವರಿ ನಾಲ್ಕು, ಬೆಳಿಗ್ಗೆ ಹತ್ತೂವರೆಗೆ ಪ್ರತಿ ಮನೆಯವರು ಒಂದು ಕುರಿ ತರಬೇಕು. ದೊಡ್ಡದಿದ್ದರ ಚಲೋ. ಸತಿ ಪತಿ ಕೂಡಿ ಒಂದಾದರೂ ನಡೆಯುತ್ತದೆ. ಪಾಸ್ಟರ್ ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾರೆ. ನಂತರ ಎಲ್ಲರೂ ಸೇರಿ ಸಣ್ಣ ಸಣ್ಣ ತುಂಡು ಮಾಡೋಣ.’

ಶನಿವಾರ ಮನಸ್ಸಿನಲ್ಲಿ ಗುರಿ ಇತ್ತು, ಕಣ್ಣು ಮನಸ್ಸನ್ನೇ ಓದಿತ್ತು. ಕಟ್ಟಿದ ಮೂಗಿಗೆ ‘ಗ’ ಹೊರಟಿರಲೇ ಇಲ್ಲ.

“ಪಾಸ್ಟರ್ ನೋಡಿದ್ರ ನನ್ನ ಕತಿ ಮುಗೀತು!” ಎಂದು ಅವನು ಓಡಿದ್ದು ಕರಿಹಲಗೆಯ ಕಡೆಗೆ. ಬಾಯಿಯನ್ನು ನಂಬುವ ಹಾಗಿರಲಿಲ್ಲ. ಎಮ್ಮೆಯ ಗಾತ್ರದ ಅಕ್ಷರದಲ್ಲಿ ‘ಗು-ರಿ’ ಎಂದು ಬರೆದು ಜನರನ್ನೆಲ್ಲ ಒಳಗೆ ಕರೆದು ತೋರಿಸಿದ.

ಮಸಾಲೆ ಅರೆದು ತಂದಿದ್ದ ಹೆಂಗಸರ ಮುಖ, ಆರಿದ ಚಹದಂತಾಯಿತು.

“ಅಂದ್ರ ಊಟ ಇಲ್ಲೇನು?” ಎಂದಳು ದುಂಡವ್ವ.

“ಊಟಕ್ಕಿಂತ ದೊಡ್ಡದು ಐತಿ ಬೇ. ವರ್ಷದಾಗ ಏನ್ ಮಾಡಾವ್ರು ಅಂತ ದೇವರ ಮುಂದ ಬರದು ಕೊಡೂದು.”

“ನನಗ ಎಪ್ಪತ್ತೆಂಟು. ವರ್ಷ ಏನ್ ಮಾಡತೈತಿ ಅಂತ ಅದನ್ನ ಕೇಳು.”

ಜನ ಕೊಂಡು ತಂದ ಕುರಿಗಳೆಲ್ಲ ಪಕ್ಕದ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸಿದ್ದ ಕುರುಬ ಹಾಲಸಿದ್ದನವು. ಜ್ಞಾನದೇವ ಅವನ ಮುಂದೆ ಕೈಮುಗಿದು ನಿಂತ.

“ಕೊಟ್ಟ ಕುರಿ ವಾಪಸ್ ತಗೊಳ್ಳಾಕ ನಾ ಏನ್ ಸೀರಿ ಅಂಗಡಿ ಇಟ್ಟೀನೇನ್ರಿ?” ಎಂದ ಹಾಲಸಿದ್ದ. ಕಾರ್ಯದರ್ಶಿಯ ಕಣ್ಣಲ್ಲಿ ನೀರು ಕಂಡು ಮೆತ್ತಗಾದ. ನೀರು ನೆಗಡಿಯದು. “ಆತು ಹೊಡೀರಿ ಈ ಕಡೆ. ಆದ್ರ ಇವು ಬರೂದಿಲ್ಲ, ನೀವ ಹೊತ್ತ ತರಬೇಕು.”

ನಾಲ್ಕು ಕುರಿಗಳನ್ನು ಒಂದೊಂದಾಗಿ ಹೊತ್ತ. ಇಸ್ತ್ರಿ ಮಾಡಿದ ಬಿಳಿ ಅಂಗಿ ಕಂಬಳಿಯಂತಾಯಿತು. ಐದನೆಯದು ಶಿವಾಜಿಯದು. ಅದೂ ಕಾಣಲಿಲ್ಲ, ಶಿವಾಜಿಯೂ ಕಾಣಲಿಲ್ಲ. ಹೋದರೆ ಹೋಗಲಿ, ಒಂದು ಪೀಡೆ ಕಡಿಮೆ ಎಂದುಕೊಂಡ.

ಹತ್ತೂವರೆಗೆ ಅಂಗಳ ಸ್ವಚ್ಛ. ಒಳಗೆ ಎಲ್ಲರ ಕೈಯಲ್ಲೂ ಹಾಳೆ, ಪೆನ್ನು, ಮುಖದ ತುಂಬ ಸಿಟ್ಟು. ಜ್ಞಾನದೇವನೂ ತನ್ನ ಹಾಳೆಯ ಮೇಲೆ ದೊಡ್ಡದಾಗಿ ಬರೆದ: ‘ಈ ವರ್ಷದ ಗುರಿ: ಕಾರ್ಯದರ್ಶಿ ಹುದ್ದೆ ಉಳಿಸಿಕೊಳ್ಳುವುದು.’ ಮಡಚಿ ಅಂಗಿಯ ಜೇಬಿನಲ್ಲಿಟ್ಟ.

ಪಾಸ್ಟರರ ಜೀಪು ಬಂತು. ಅವನು ಕೈಮುಗಿದು ಬಾಗಿಲು ತೆಗೆದ.

ಪಾಸ್ಟರಿಗಿಂತ ಮೊದಲು ಒಂದು ಟಗರು ಇಳಿಯಿತು.

“ಶಭಾಷ್, ಜ್ಞಾನದೇವ!” ಪಾಸ್ಟರ್ ಹಗ್ಗ ಹಿಡಿದೇ ಅವನ ಬೆನ್ನು ತಟ್ಟಿದರು. “ಇಪ್ಪತ್ತೆರಡು ವರ್ಷದ ಸೇವಾದಾಗ ಇಂಥಾ ಪ್ಲ್ಯಾನ್ ನೋಡಿರ್ಲಿಲ್ಲ. ತಾರೀಖು ಐತಿ, ಟೈಮ್ ಐತಿ, ಸೈಜ್ ಸೈತ ಐತಿ. ಜನಕ್ಕ ಹೇಳಿದ ಮ್ಯಾಲ ನಾನೂ ತರಬೇಕಲ್ಲಾ ಅಂತ ಕರೋಶಿಯಿಂದ ಆರಿಸಿ ತಂದೀನಿ. ಎಲ್ಲಿ ಉಳದವರವು?”

“ಸರ... ಅದು ಕುರಿ ಅಲ್ರಿ,” ಎಂದ ಜ್ಞಾನದೇವ. ಮೂಗು ಒರೆಸಿಕೊಂಡು ಉಸಿರು ಬಿಗಿಹಿಡಿದು ಒತ್ತಿ ಹೇಳಿದ: “ಕುರಿ!”

“ಏನ್?”

“ಕುರಿ ಅಲ್ರಿ ಸರ, ಕುರಿ! ವರ್ಷದ ಕುರಿ!”

“ವರ್ಷದ ಮರಿನೋ ಎರಡು ವರ್ಷದ್ದೋ, ಇರೂದು ಎಲ್ಲಿ ಹೇಳ್ರಿ!”

“ವಾಪಸ್ ಕಳಿಸ್ಯಾನ್ರೀ,” ಎಂದಳು ದುಂಡವ್ವ ಕಿಟಕಿಯಿಂದ. “ನನ್ನ ಕೋಳಿ ಸೈತ.”

ಪಾಸ್ಟರ್ ಬಾಯಿ ತೆರೆದರು. ಮಾತು ಬರುವ ಮೊದಲು ಸಭೆಯ ಹಿತ್ತಲಿನಿಂದ ಒಗ್ಗರಣೆಯ ವಾಸನೆ ಬಂತು. ಅದರ ಹಿಂದೆಯೇ ಸೌಟು ಹಿಡಿದ ಶಿವಾಜಿ.

“ನಾ ಕಳಿಸಿಲ್ಲರಿ ಸರ. ಕಾರ್ಯದರ್ಶಿಗೋಳು ಯೋಜನಾ ಬದಲ ಮಾಡಿದ್ರು. ನನಗ ಆ ಚಟಾ ಇಲ್ಲ.”

ಪಾಸ್ಟರ್ ಒಂದು ಕ್ಷಣ ಮೂಗರಳಿಸಿ ನಿಂತರು. ಆಮೇಲೆ ಒಳಗೆ ಹೋಗಿ ಟೇಬಲ್ ಮೇಲಿನ ರಜಿಸ್ಟರ್ ತಂದು ಶಿವಾಜಿಗೆ ಕೊಟ್ಟರು. ಶಿವಾಜಿ ಸೌಟನ್ನು ಉಜ್ವಲಾಳಿಗೆ ಕೊಟ್ಟ. ಟಗರಿನ ಹಗ್ಗ ಜ್ಞಾನದೇವನ ಕೈಗೆ ಬಂತು.

ಎಲ್ಲರೂ ಹಿತ್ತಲಿಗೆ ನಡೆದರು. ಜ್ಞಾನದೇವ ಹಗ್ಗ ಹಿಡಿದು ಮೆಟ್ಟಿಲ ಮೇಲೆ ಕುಸಿದ. ಟಗರು ಅವನ ಎದೆಯ ಹತ್ತಿರ ಬಂದು ಮೂಸಿತು, ಜೇಬಿನಿಂದ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡಿತು. ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆಯೇ ಗುರಿಯನ್ನು ಸಣ್ಣ ಸಣ್ಣ ತುಂಡು ಮಾಡಿತು. ತಿಂಗಳಿಗೊಂದರಂತೆ ಮಾತ್ರ ಕಾಯಲಿಲ್ಲ, ಒಂದೇ ನಿಮಿಷದಲ್ಲಿ ಎಲ್ಲವನ್ನೂ ಮುಗಿಸಿತು.