ಎಡಗಾಲಿಗೆ ಕೆಲಸ ಕೊಡಿಸಿದ ಮಾಮಾ

ಕೈಗೆ ಬಂದ ಸುಖವನ್ನು ಕಿತ್ತು ಹಾಕಿಸಿ, ಅದರ ಜಾಗದಲ್ಲಿ ಕಷ್ಟವನ್ನು ಹುಡುಕಿ ತಂದು ಬೋಲ್ಟು ಬಿಗಿಸಿಕೊಂಡ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನಮ್ಮ ಮನೆಯಿಂದ ಎರಡು ಓಣಿ ಮೇಲೆ ಅವರ ಮನೆ. ಹಾಗಾಗಿ ಅವರ ತಲೆಯಲ್ಲಿ ಏನೇ ಹುಟ್ಟಿದರೂ ಅದು ಇಳಿಜಾರಿನಲ್ಲಿ ಉರುಳಿ ಬಂದು ಮೊದಲು ಬೀಳುವುದು ನನ್ನ ಮೇಲೆ.

ತಾನೇ ತಾನಾಗಿ ನಡೆಯುವ ಯಾವ ವಸ್ತುವನ್ನೂ ಮಾಮಾ ನಂಬುವುದಿಲ್ಲ. ಬಟ್ಟೆ ಒಗೆಯುವ ಮಷೀನಿನ ಎದುರು ಕುರ್ಚಿ ಹಾಕಿಕೊಂಡು, ಅದು ನಿಲ್ಲುವವರೆಗೆ ಕಾವಲು ಕೂರುತ್ತಾರೆ. ಒಮ್ಮೆ ನನ್ನ ಜೊತೆ ಬಟ್ಟೆ ಅಂಗಡಿಗೆ ಬಂದಿದ್ದರು. ಗಾಜಿನ ಬಾಗಿಲು ತಾನಾಗಿ ಸರಿಯಿತು. ಮಾಮಾ ನಿಂತುಬಿಟ್ಟರು. ಬಾಗಿಲು ಮುಚ್ಚಿತು. ಒಂದು ಹೆಜ್ಜೆ ಇಟ್ಟರು, ತೆರೆಯಿತು. ಮತ್ತೆ ನಿಂತರು.

“ನಡೀರಿ ಮಾಮಾ, ಹಿಂದ ಮಂದಿ ನಿಂತಾರ,” ಅಂದೆ.

“ಒಳಗ ಹೋಗ್ಬೇಕೋ ಬ್ಯಾಡೋ ಅಂತ ನಾನ ಇನ್ನೂ ವಿಚಾರ ಮಾಡಾಕತ್ತೇನಿ. ಅದನ್ನ ಠರಾಯಿಸಾಕ ಇದ್ಯಾರು?”

ಅಂಗಿಯನ್ನು ನಾವು ಬೇರೆ ಅಂಗಡಿಯಲ್ಲಿ ಕೊಂಡೆವು. ಆ ಅಂಗಡಿಗೆ ಬಾಗಿಲೇ ಇರಲಿಲ್ಲ.

ಇಂಥವರಿಗೆ ಮಗಳು ಆಟೋಮ್ಯಾಟಿಕ್ ಕಾರು ಕೊಡಿಸಿದಳು. ಮಗಳು ಶೈಲಾ ಫೋಂಡಾದಲ್ಲಿ ಹೈಸ್ಕೂಲ್ ಟೀಚರ್. ಅವಳದೂ ತಪ್ಪಲ್ಲ ಬಿಡಿ. ಕಣ್ಣಿನ ಒತ್ತಡದ ಕಾಯಿಲೆಯಿಂದ ಅತ್ತೆಯ ದೃಷ್ಟಿ ಕುಂದುತ್ತಾ ಬಂದು, ಎರಡು ವರ್ಷದ ಹಿಂದೆ ಪೂರ್ತಿ ಹೋಗಿತ್ತು. ನೋವು ಹೆಚ್ಚಾಗದಂತೆ ತಿಂಗಳಿಗೊಮ್ಮೆ ಪಣಜಿಯ ಡಾಕ್ಟರಿಗೆ ತೋರಿಸಬೇಕು. ಮಾಮಾ ಅವರ ಹಳೆಯ ವ್ಯಾನು ಗುಜರಿಗೆ ಹೋಗಿತ್ತು. ಕಣ್ಣಿಲ್ಲದ ತಾಯಿ ಬಸ್ಸು ಹತ್ತಿ ಇಳಿಯುವುದು ಬೇಡವೆಂದು ಶೈಲಾ ಒಳ್ಳೆಯ ಕಾರನ್ನೇ ತಂದಳು. ಗೇರು ಬದಲಾಗುವ ಸದ್ದಿಲ್ಲ, ಕುಲುಕಾಟವಿಲ್ಲ.

“ಇನ್ನ ಎಡಗಾಲಿಗೆ ಕೆಲಸ ಇಲ್ಲಪ್ಪಾ, ಆರಾಮ ಇರ್ರಿ,” ಎಂದು ಕೀಲಿ ಕೊಟ್ಟಳು.

ಈ ಸುದ್ದಿಯನ್ನು ಎಡಗಾಲಿಗೆ ಯಾರೂ ತಿಳಿಸಲಿಲ್ಲ. ಸಾಂಗೆಯ ಗಣಿಗಳಿಂದ ಅದಿರು ಹೊರುವ ಟಿಪ್ಪರ್ ಓಡಿಸಿದ ಕಾಲು ಅದು. ಗಣಿ ನಿಂತ ಮೇಲೆ ನಿವೃತ್ತಿಯವರೆಗೂ ಕಾರ್ಖಾನೆಯ ಬಸ್ಸಿನ ಕ್ಲಚ್ ಒತ್ತಿದ ಕಾಲು. ಮೊದಲ ದಿನ ಮಂಗೋರ್ ಹಿಲ್ ಇಳಿಯುವಾಗ ಅದು ಅಭ್ಯಾಸದಂತೆ ಮೇಲೆದ್ದು, ಕ್ಲಚ್ ಎಂದುಕೊಂಡು ಬ್ರೇಕನ್ನು ತಳದವರೆಗೆ ಒತ್ತಿತು. ಹಿಂದೆ ಸಾರಿನ ಡಬ್ಬಿ ಹಿಡಿದು ಕುಳಿತಿದ್ದ ನನ್ನ ಮೂಗು ಮುಂದಿನ ಸೀಟಿಗೆ ಹೋಯಿತು, ಸಾರು ನನ್ನ ಅಂಗಿಗೆ ಬಂತು.

“ಏನಾತ್ರಿ?” ಎಂದರು ಅತ್ತೆ.

“ಗೇರ್ ಹಾಕಿದೆ,” ಎಂದರು ಮಾಮಾ.

“ಯಾವ ಗೇರ್ ಹಾಕಿದ್ರಿ?” ಎಂದೆ ನಾನು. ಗೇರ್ ಇದ್ದರೆ ತಾನೇ ಹೇಳುವುದು?

ಮರುದಿನದಿಂದ ಅವರು ಎಡಗಾಲನ್ನು ಮಡಚಿ, ಊಟಕ್ಕೆ ಕುಳಿತವರ ಹಾಗೆ ಸೀಟಿನ ಮೇಲೆ ಇಟ್ಟುಕೊಂಡು ಕಾರು ಓಡಿಸತೊಡಗಿದರು. ಒಂದು ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಪ್ಪ ಒಳಗೆ ಬಗ್ಗಿ ನೋಡಿ, ಇನ್ನೊಂದು ಕಾಲೆಲ್ಲಿ ಅಂತ ಹಿಂದಿಯಲ್ಲಿ ಕೇಳಿದ.

“ಛುಟ್ಟೀ ಪೇ ಹೈ,” ಎಂದರು ಮಾಮಾ ಗಂಭೀರವಾಗಿ.

ತಿಂಗಳೊಪ್ಪತ್ತಿನಲ್ಲಿ ಅವರು ನಮ್ಮ ಮನೆಗೆ ಬಂದು ತೀರ್ಮಾನ ಹೇಳಿದರು. “ಕಾರಿಗೆ ಗೇರ್ ಹಾಕಿಸ್ತೇನಿ.”

“ಅದನ್ನ ಮಾರಿ ಗೇರ್ ಇರೂದ ತಗೊಳ್ರಿ.”

“ಮಗಳು ಕೊಟ್ಟದ್ದನ್ನ ಮಾರ್ತಾರೇನಲೇ?”

“ಮಾರೂದು ತಪ್ಪು, ಹೊಟ್ಟಿ ಕೊಯ್ಯೂದು ಸರಿ ಏನ್ರಿ?”

“ಕೊಯ್ದು ಚಲೋ ಮಾಡ್ತೇವಲ್ಲ,” ಎಂದು ಚಹಾ ಕುಡಿದು ಎದ್ದರು.

ಮೂರು ಗ್ಯಾರೇಜಿನವರು ಕೈ ಮುಗಿದು ಕಳಿಸಿದರು. ಗೇರ್ ಬೇಡ ಎನ್ನುವವರನ್ನು ನೋಡಿದ್ದೇವೆ, ಬೇಕು ಎಂದು ಬಂದವರು ನೀವೇ ಮೊದಲು ಎಂದರು. ನಾಲ್ಕನೆಯವನು ಬಾಯ್ನಾದ ಕಾಯ್ತಾನ್. ಗಿರಾಕಿಗಳಿಂದಲೇ ಕನ್ನಡ ಕಲಿತವನು, ಧಣಿ ಎನ್ನುವುದನ್ನು ಮಾತ್ರ ತನ್ನ ಮಾತಿನಲ್ಲೇ ‘ಪಾತ್ರಾಂವ್’ ಎನ್ನುವವನು. ಕಾರಿನ ಸುತ್ತ ಎರಡು ಸುತ್ತು ಹಾಕಿ, “ಪಾತ್ರಾಂವ್, ಈ ಐಡಿಯಾ ನಿಮಗ ವೈರಿ ಯಾರರ ಕೊಟ್ಟಾರೇನು?” ಎಂದು ಕೇಳಿದ. ಮಾಮಾ ನಕ್ಕರು. ಅವನೂ ನಕ್ಕ. ಮೂವರಲ್ಲಿ ಒಬ್ಬರಾದರೂ ಶಾಣ್ಯಾ ಆಗಿರಲೇಬೇಕಿತ್ತು. ಆ ಪಾಳಿ ನನಗೆ ಬಂತು.

ಮುಂದಿನ ಮೂರು ತಿಂಗಳ ನನ್ನ ಭಾನುವಾರಗಳು ಕಾಯ್ತಾನ್‌ನ ಶೆಡ್ಡಿನಲ್ಲಿ ಸವೆದವು. ಅದೇ ಜಾತಿಯ, ಗೇರ್ ಇರುವ ಕಾರೊಂದು ಗುದ್ದಿಸಿಕೊಂಡು ಸಾಂಗೆಯ ಗುಜರಿಯಲ್ಲಿ ಬಿದ್ದಿದೆ ಎಂದು ತಿಳಿಯಿತು. ಗೇರ್‌ಬಾಕ್ಸ್ ತರಲು ಟೆಂಪೋ ಮಾಡೋಣ ಎಂದೆ. ಬಸ್ಸಿದೆಯಲ್ಲ ಎಂದರು ಮಾಮಾ. ಹಳೆಯ ಕೌದಿಯಲ್ಲಿ ಸುತ್ತಿದ ಆ ಕಬ್ಬಿಣದ ಕೂಸನ್ನು ನಮ್ಮಿಬ್ಬರ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆವು. ಎದುರಿಗಿದ್ದ ಮುದುಕಿ ಹಲಸಿನ ಹಣ್ಣಿರಬೇಕೆಂದು ಬಗ್ಗಿ ಮೂಸಿ ನೋಡಿದಳು. ಆಮೇಲೆ ಎದ್ದು ಮೂರು ಸೀಟು ಹಿಂದೆ ಹೋಗಿ ಕುಳಿತಳು. ನನ್ನ ಪ್ಯಾಂಟಿಗೆ ಹತ್ತಿದ ಎಣ್ಣೆ ಕಲೆ ಇನ್ನೂ ಹೋಗಿಲ್ಲ. ಹೆಂಡತಿಯ ಸಿಟ್ಟೂ ಹೋಗಿಲ್ಲ.

ಅಂತೂ ಕ್ಲಚ್ ಬಂತು, ಮೂರನೆಯ ಪೆಡಲ್ ಬಂತು, ನೆಲಕ್ಕೆ ತೂತು ಕೊರೆದು ಗೇರಿನ ಕೋಲೂ ಬಂತು. ಕಾಯ್ತಾನ್ ಶಿಲುಬೆಯ ಗುರುತು ಮಾಡಿಕೊಂಡು ಕೀಲಿ ತಿರುಗಿಸಿದ. ಕಾರು ಮಿಸುಕಲಿಲ್ಲ.

“ಕಾರಿನ ಕಂಪ್ಯೂಟರ್ ಹಳೇ ಗೇರ್‌ಬಾಕ್ಸ್ ಎಲ್ಲಿ ಅಂತ ಕೇಳಾಕತ್ತದ,” ಎಂದ ಕಾಯ್ತಾನ್. “ಜವಾಬು ಸಿಗೂತನ ಚಾಲೂ ಆಗೂದಿಲ್ಲ.”

ಮಾಮಾ ಡ್ಯಾಶ್‌ಬೋರ್ಡಿನ ಹತ್ತಿರ ಬಗ್ಗಿ, “ಅದು ಹೋತು. ಇನ್ನ ಇದ ಖರೇ. ಹೊಂದ್ಕೊ,” ಎಂದು ಬುದ್ಧಿ ಹೇಳಿದರು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಮಾಮಾ, ಕಾರು ಬಂದದ್ದು ಅತ್ತಿ ಸಲುವಾಗಿ. ಮೂರು ತಿಂಗಳಾತು, ಅವರನ್ನ ಬಾಡಗಿ ಗಾಡ್ಯಾಗ ಒಯ್ಯಾಕತ್ತೇವಿ. ನಿಮಗ ನಿಮ್ಮ ಎಡಗಾಲಿಂದ ಚಿಂತಿ. ಇದೆಂಥಾ ಹಠ ನಿಮ್ದು?”

ಮಾಮಾ ಅರಿವೆಯಿಂದ ಕೈ ಒರೆಸಿಕೊಂಡರು. ಒಂದೊಂದೇ ಬೆರಳು, ನಿಧಾನವಾಗಿ. ಆಮೇಲೆ ಕಾಯ್ತಾನ್ ಕಡೆ ತಿರುಗಿ, “ಕಂಪ್ಯೂಟರಿಗೆ ತಿಳಿಸಿ ಹೇಳಾವ್ರು ಯಾರರ ಅದಾರೇನು?” ಎಂದು ಕೇಳಿದರು.

ಮಡಗಾಂವಿನಿಂದ ಲ್ಯಾಪ್‌ಟಾಪಿನವನೊಬ್ಬ ಬಂದು, ಎರಡು ದಿನ ಕಾರಿನೊಡನೆ ವಾದ ಮಾಡಿ ಅದನ್ನು ಒಪ್ಪಿಸಿದ. ಆರ್‌ಟಿಓ ಆಫೀಸಿನ ಅರ್ಜಿಯನ್ನು ತುಂಬಿದ್ದು ನಾನೇ. ಬದಲಾವಣೆಗೆ ಕಾರಣ ಎಂಬಲ್ಲಿ ಏನು ಬರೆಯಲಿ ಎಂದೆ. ಸ್ವಂತ ಕಾರಣ ಅಂತ ಬರಿ ಎಂದರು. ನಾನು ಹಲ್ಲು ಕಚ್ಚಿ ಬರೆದೆ. ಇನ್‌ಸ್ಪೆಕ್ಟರು ಕಾರನ್ನು ನೋಡಿ, ಮಾಮಾರನ್ನೂ ನೋಡಿ, ಕಾಗದಗಳೆಲ್ಲ ಸರಿಯಿದ್ದುದರಿಂದ ಸಹಿ ಹಾಕಿದರು.

ಮುಂದಿನ ವಾರ ಪಣಜಿಗೆ ಹೊರಟೆವು. ಅತ್ತೆ ಮುಂದೆ, ಮಾಮಾ ಅವರ ಪಕ್ಕ, ನಾನು ಹಿಂದೆ. ಬಂದರಿನ ಕಲ್ಲಿದ್ದಲ ಧೂಳಿಗೆ ಹೆದರಿ ಕಿಟಕಿಗಳನ್ನೆಲ್ಲ ಏರಿಸಿದ್ದೆವು. ಮಾಮಾ ಕ್ಲಚ್ ಒತ್ತಿ ಎರಡನೆಯ ಗೇರಿಗೆ ಹಾಕಿ ಗುಡ್ಡ ಇಳಿದರು. ಕೆಳಗೆ ಬಂದಾಗ ಕೋಲನ್ನು ಮುಂದಕ್ಕೆ ನೂಕಿದರು.

“ಮೂರನೇದ್ದು. ಇಳಕಲು ಮುಗೀತು,” ಎಂದರು ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ, “ಮತ್ತ ಎರಡು. ಚಿಖಲಿ ತಿರುವು ಬಂತು.” ಆಮೇಲೆ, “ನಾಲ್ಕು. ವಿಮಾನ ನಿಲ್ದಾಣದ ಗೋಡಿ ಬಾಜೂಕ ಅದೇವಿ, ಹೌದಲ್ರಿ?”

“ಹೌದು,” ಎಂದರು ಮಾಮಾ.

ನಾನು ಕಿಟಕಿಯಿಂದ ನೋಡಿದೆ. ಗೋಡೆ ಇತ್ತು.

“ಅತ್ತಿ, ನಿಮಗ ಹ್ಯಾಂಗ ಗೊತ್ತಾಗತದ್ರಿ?”

“ಮೂವತ್ತು ವರ್ಷ ಇವರ ಬಾಜೂಕ ಕುಂತೇನಪಾ. ಎಲ್ಲಿ ಯಾವ ಗೇರ್ ಹಾಕ್ತಾರಂತ ಇವರಿಗಿಂತ ನನಗ ಚಲೋ ಗೊತ್ತು.” ಅತ್ತೆ ನನ್ನ ಕಡೆ ತಲೆ ಹೊರಳಿಸಿದರು. “ಮೊದಲ ಈ ಕಾರು ಒಂದ ಸಮ ಗುಂಯ್ ಅಂತಿತ್ತು. ಎಲ್ಲಿ ಅದೀನಿ, ಎಷ್ಟು ಬಂದೀವಿ, ಏನೂ ತಿಳೀತಿದ್ದಿಲ್ಲ. ಕತ್ತಲದಾಗ ಯಾರೋ ಎತಗೊಂಡು ಓಡಿದಂಗ ಆಗ್ತಿತ್ತು. ಬಾಗಲಾ ಗಟ್ಟಿ ಹಿಡ್ಕೊಂಡು ಕೂಡ್ತಿದ್ದೆ. ಹುಡುಗಿ ಪ್ರೀತೀಲೆ ಕೊಟ್ಟಾಳ, ಹ್ಯಾಂಗ ಹೇಳಲಿ? ಯಾರ ಮುಂದೂ ಹೇಳಲಿಲ್ಲ.”

ಅವರು ಹೇಳಿರಲಿಲ್ಲ. ಪಕ್ಕದಲ್ಲಿ ಕುಳಿತ ಮಾಮಾ ಬಾಗಿಲ ಮೇಲಿನ ಆ ಕೈಯನ್ನು ನೋಡಿದ್ದರು. ಕಾರಣ ಹೇಳಿದರೆ ತನಗಾಗಿ ಇಷ್ಟೆಲ್ಲ ಬೇಡ ಎಂದು ಅತ್ತೆ ತಡೆಯುತ್ತಾರೆಂದು, ನಮ್ಮೆಲ್ಲರಿಂದ ಹುಚ್ಚ ಅನ್ನಿಸಿಕೊಂಡು ಸುಮ್ಮನಿದ್ದರು. ಶೆಡ್ಡಿನಲ್ಲಿ ಆಡಿದ ಮಾತಿಗೆ ತಪ್ಪಾಯ್ತು ಅನ್ನಬೇಕೆಂದು ನಾನು ಮುಂದಕ್ಕೆ ಬಗ್ಗಿದೆ.

“ಮಾಮಾ,” ಎಂದೆ.

“ಮಾತಾಡಿಸಬ್ಯಾಡ, ಟ್ರಾಫಿಕ್ ಭಾಳ ಅದ,” ಎಂದರು. ಮುಂದೆ ಒಂದು ಸೈಕಲ್ಲು ಹೋಗುತ್ತಿತ್ತು.

ಜುವಾರಿ ಹೊಳೆಯ ಹೊಸ ಸೇತುವೆಗೆ ಬಂದೆವು. ಅದು ಆಗುವ ಹೊತ್ತಿಗೆ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಎಲ್ಲ ಗಾಡಿಗಳೂ ರೊಯ್ಯನೆ ಹೋಗುವ ಆ ನೇರ ರಸ್ತೆಯಲ್ಲಿ ಮಾಮಾ ಎಡಬದಿಗೆ ಸರಿದು, ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಸಿದರು.

“ಎರಡು ಯಾಕ್ರಿ? ಇಲ್ಲಿ ಏರೂ ಇಲ್ಲ, ತಿರುವೂ ಇಲ್ಲ.”

“ಬ್ರಿಜ್ ಬಂತು. ನೀ ನೋಡಿಲ್ಲ.” ಮಾಮಾ ಗಂಟಲು ಸರಿಮಾಡಿಕೊಂಡರು. ವರ್ಣನೆ ಅವರಿಗೆ ರೂಢಿಯಿಲ್ಲದ ಕೆಲಸ. “ನಡುವ ದೊಡ್ಡ ಕಂಬ ಅದಾವ. ಅದರ ತುದಿಯಿಂದ ಈ ಕಡೆ ಆ ಕಡೆ ಹಗ್ಗ ಬಿಗಿದಾರ. ನಿನ್ನ ತವರಮನ್ಯಾಗ ಮಗ್ಗ ಇತ್ತಲ್ಲ, ಅದರ ಎಳಿ ಜಗ್ಗಿ ಹಚ್ಚಿದಂಗ. ಕೆಳಗ ಹೊಳಿ. ದೋಣಿ ಎರಡ ಅದಾವ. ಇಲ್ಲ, ಮೂರು.”

ಅತ್ತೆ ಮುಖವನ್ನು ಗಾಜಿನ ಕಡೆ ತಿರುಗಿಸಿದರು. ಹಿಂದೆ ಹಾರ್ನುಗಳ ಗದ್ದಲ ಎದ್ದಿತು.

“ಮಂದಿ ಬೈಯಾಕತ್ತಾರ್ರಿ.”

“ಬೈಲಿ. ಒಂದು ದೋಣ್ಯಾಗ ಹಾಯಿ ಹಚ್ಯಾರ ನೋಡು.”

ನಾನು ನನ್ನ ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ, ಹಿಂದಿನವರಿಗೆ ದಾಟಿ ಮುಂದೆ ಹೋಗುವಂತೆ ಸನ್ನೆ ಮಾಡಿದೆ.