ಮೋರಿ ಕಟ್ಟಿಸಿದ ಕಥೆಗಳು

ಆಳುಗಳಿಂದ ಕೆಲಸ ತೆಗೆಯುವವನು ಬಾಯಿ ಬಿಟ್ಟರೆ ಒಂದಲ್ಲ ಒಂದು ಎಡವಟ್ಟು ಆಗುತ್ತಲೇ ಇರುತ್ತದೆ. ನನಗೆ ಒಂದೇ ಮೋರಿಯಲ್ಲಿ ಮೂರಾಯಿತು.

ಅರವತ್ತರ ದಶಕ. ಲಿಂಗನಮಕ್ಕಿ ಹಿನ್ನೀರು ಹಳೇ ದಾರಿ ನುಂಗಿತ್ತು. ಹೊಸನಗರದ ಕಡೆ ಹೊಸ ರಸ್ತೆ ಹಾಕುತ್ತಿದ್ದರು. ಅದರಲ್ಲೊಂದು ಹಳ್ಳ ದಾಟುವ ಮೋರಿಗೆ ನಾನು ಮೇಸ್ತ್ರಿ, ಅದೂ ಹಂಗಾಮಿ. ಮಳೆಗೆ ಮುಂಚೆ ಅದು ಮುಗಿಯದಿದ್ದರೆ ಊರಿಗೆ ಬಸ್ಸಿಲ್ಲ, ನನಗೆ ಕೆಲಸವಿಲ್ಲ. ಮೋಡ ಕಂಡರೆ ಆಳುಗಳ ಮೇಲೆ ರೇಗುತ್ತಿದ್ದೆ. "ಬೈಬೇಡಯ್ಯ, ಕಥೆ ಹೇಳು, ಜನ ಕೆಲಸ ಮಾಡ್ತಾರೆ" ಎಂದರು ನಮ್ಮ ಇಂಜಿನಿಯರು.

ಹುಲಿ

ಬೀಡಿ ಸೇದಲು ಕಾಡಿಗೆ ಹೋದವರು ಗಂಟೆಗಟ್ಟಲೆ ಬರುತ್ತಿರಲಿಲ್ಲ. ಪೊದೆಯಲ್ಲಿ ನಾನೇ ಹುಲಿ ಕಂಡೆ ಎಂದು ಕಥೆ ಕಟ್ಟಿದೆ. ಮರುದಿನ ಯಾರೂ ಅತ್ತ ಸುಳಿಯಲಿಲ್ಲ. ಆದರೆ ಕಟ್ಟುವ ಕಲ್ಲು ಇದ್ದದ್ದೂ ಅಲ್ಲೇ!

"ಹುಲಿ ನೋಡ್ದವ್ರು ನೀವು, ಮುಂದೆ ನಡೀರಿ ಮಾರಾಯ್ರೆ" ಎಂದರು ಆಳುಗಳು.

ನಾಲ್ಕು ದಿನ ಮುಂದೆ ನಡೆದೆ. ತರಗೆಲೆ ಸದ್ದಾದರೆ ಮೊದಲು ಓಡುತ್ತಿದ್ದವನೂ ನಾನೇ.

ಮದುವೆ

ಆಮೇಲೆ ಒಂದು ಹುಡುಗಿಯ ಕಥೆ ಶುರುಮಾಡಿ, ಅವಳನ್ನು ಒಲ್ಲದ ಗಂಡಿನ ಪಕ್ಕ ಹಸೆಮಣೆ ಹತ್ತಿಸಿ ಕಥೆ ನಿಲ್ಲಿಸಿದೆ. "ಈ ಗೋಡೆ ಎದ್ದ ಮೇಲೆ ಉಳಿದದ್ದು."

ಎರಡು ದಿನದ ಗೋಡೆ ಒಂದೇ ದಿನದಲ್ಲಿ ಎದ್ದಿತು. ನನ್ನ ಹತ್ತಿರ ಮುಂದಿನ ಕಥೆಯೇ ಇರಲಿಲ್ಲ! "ಮುಂದೇನು, ನೀವೇ ಹೇಳಿ" ಎಂದೆ. ಮದುವೆ ಆಗಲಿ ಎಂದು ಅರ್ಧ ಜನ, ಬೇಡ ಎಂದು ಅರ್ಧ ಜನ. ಜಗಳ ಹತ್ತಿ ಕೆಲಸ ನಿಂತಿತು.

ಕೊನೆಗೆ ಕಲ್ಲು ಹೊರುವ ಅಜ್ಜಿ ಗದರಿದಳು: "ಮಾಡ್ಸದಾದ್ರೆ ಬೇಗ ಮಾಡ್ಸಿ ಮೇಸ್ತ್ರಿ, ಮಳೆ ಹಿಡಿದ್ರೆ ದಿಬ್ಬಣ ದಾಟೂಕೆ ಮೋರಿ ಇಲ್ಲ!"

ರಾಜ

ಇಷ್ಟೆಲ್ಲ ಆಗಿ ಕೆಲಸ ಹಿಂದೆಬಿತ್ತು. ಜೀಪಿನಲ್ಲಿ ದೊಡ್ಡ ಸಾಹೇಬರು ಬಂದಿಳಿದರು. ನನಗೆ ಇನ್ನೂ ಎಂಟು ದಿನ ಗಡುವು ಬೇಕಿತ್ತು. ನೇರ ಕೇಳಲು ನಾಲಗೆ ಏಳಲಿಲ್ಲ. ಅವರಿಗೂ ಕಥೆಯೇ ಹೇಳಿದೆ: ಒಬ್ಬ ರಾಜ, ಒಂದು ಕೆರೆ, ಏರಿಯ ಕೆಲಸ ತಡವಾಯಿತು.

"ಆಗ ರಾಜ ಏನು ಮಾಡಿದ?" ಸಾಹೇಬರು ಹುಬ್ಬೇರಿಸಿದರು.

"ಅವಸರದ ಏರಿ ಒಡೀತದೆ ಅಂತ ಎಂಟು ದಿನ ಹೆಚ್ಚು ಕೊಟ್ಟ, ಸಾರ್."

ಹಿಂದಿನಿಂದ ಅಜ್ಜಿ, "ಅಲ್ಲ ಸ್ವಾಮಿ! ನಿನ್ನೆ ನಮ್ಗೆ ಹೇಳೂವಾಗ ಅದೇ ರಾಜ ಮೇಸ್ತ್ರಿ ತಲೆ ತೆಗ್ಸಿದ್ದ!" ಎಂದಳು.

ಆಳುಗಳು ಚುರುಕಾಗಲಿ ಎಂದು ಹಾಗೆ ಹೇಳಿದ್ದು ನಿಜ. ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಸಾಹೇಬರು ಹೊಟ್ಟೆ ಹಿಡಿದು ನಕ್ಕು ಜೀಪು ಹತ್ತಿದರು.

"ಎಂಟು ದಿನ ಕೊಟ್ಟೆ ಕಣಯ್ಯ. ಒಂಬತ್ತನೇ ದಿನ ಅಜ್ಜಿ ಹೇಳಿದ ರಾಜ ಬರ್ತಾನೆ!"