‘ದ’ ಅಕ್ಷರದ ಹೊಟ್ಟೆ

ಶಿಸ್ತಿನ ಮನುಷ್ಯನಿಂದ ಯಾರಿಗೂ ತೊಂದರೆಯಾಗುವುದಿಲ್ಲ ಎಂದು ನಾನು ಎಪ್ಪತ್ತೊಂದು ವರ್ಷ ನಂಬಿದ್ದೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಐದೂವರೆಗೆ ಚಹಾ. ಆರಕ್ಕೆ ಪತ್ರಿಕೆ ಮತ್ತು ಕೆಂಪು ಪೆನ್ನು. ಅಕ್ಷರದೋಷ ತಿದ್ದದೆ ನನಗೆ ತಿಂಡಿ ಇಳಿಯುವುದಿಲ್ಲ. ಮೂಡುಬಿದಿರೆಯ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿದ ಕೈ ಇದು. ನಿವೃತ್ತಿಯ ಆದೇಶ ನನಗೆ ಬಂತೇ ಹೊರತು ಕೈಗೆ ಬರಲಿಲ್ಲ. ಒಮ್ಮೆ ಬಿ.ಸಿ.ರೋಡಿನ ಹೋಟೆಲಿನಲ್ಲಿ ‘ಶುದ್ದ ಸಸ್ಯಾಹಾರಿ’ ಎಂಬ ಫಲಕ ತಿದ್ದಲು ಕುರ್ಚಿ ಹತ್ತಿದ್ದೆ. ಹೋಟೆಲಿನವರು ಕುರ್ಚಿ ಸಮೇತ ಎತ್ತಿ ಹೊರಗಿಟ್ಟರು.

ಇಂಥವನ ಹೆಂಡತಿ ರಾಧಾ, ಪಾಣೆಮಂಗಳೂರು ಬದಿಯ ನಮ್ಮೂರ ಹಾಲಿನ ಸೊಸೈಟಿಯ ನಿರ್ದೇಶಕರ ಚುನಾವಣೆಗೆ ನಿಂತಳು. ಕ್ಯಾನು ಹಿಡಿದು ಬಿಸಿಲಲ್ಲಿ ಕಾಯುವವರ ತಲೆಯ ಮೇಲೆ ನೆರಳಿಗೊಂದು ಮಾಡು ಹಾಕಿಸಬೇಕೆಂಬುದು ಅವಳ ಹಟ. ಮಾಡು ಹಾಕಿದರೆ ಜನ ಹರಟುತ್ತ ನಿಂತು ಹಾಲು ಹುಳಿಯಾಗುತ್ತದೆ ಎಂಬುದು ಎದುರಾಳಿ ಕುಸುಮಕ್ಕನ ವಾದ. ನಮ್ಮ ಎರಡು ದನಗಳಲ್ಲಿ ಒಂದು ನನ್ನ ಹೆಸರಿನಲ್ಲಿರುವುದರಿಂದ ನಾನೂ ಮತದಾರ.

ಮತದಾರನ ಜವಾಬ್ದಾರಿಯ ಬಗ್ಗೆ ವಾರವಿಡೀ ಮನೆಮನೆಯಲ್ಲಿ ಪಾಠ ಮಾಡಿದೆ. ಮುದ್ರೆ ಚೌಕದ ಒಳಗೇ ಬೀಳಬೇಕು, ಮಸಿ ಒಣಗಿದ ಮೇಲೆ ಮಡಚಬೇಕು, ಚೀಟಿಯ ಮೇಲೆ ಬೇರೆ ಒಂದು ಚುಕ್ಕೆಯೂ ಇರಬಾರದು. “ಹಾಲು ಕೊಡ್ಲಿಕ್ಕೆ ಇಷ್ಟೆಲ್ಲ ವಿದ್ಯೆ ಬೇಕಾ ಮಾಸ್ಟ್ರೇ?” ಎಂದು ಕೇಳಿದವರೂ ಕೊನೆಗೆ ಕಲಿತರು.

ಎಣಿಕೆಯಲ್ಲಿ ಇಬ್ಬರಿಗೂ ಸಮಸಮ. ಉಳಿದದ್ದು ಒಂದೇ ಚೀಟಿ. ಬೆಳ್ತಂಗಡಿಯಿಂದ ಬಂದಿದ್ದ ಚುನಾವಣಾಧಿಕಾರಿ ಅದನ್ನು ಬೆಳಕಿಗೆ ಹಿಡಿದರು. ಮುದ್ರೆ ರಾಧಾಳ ಚೌಕದ ನಟ್ಟನಡುವೆ. ಆದರೆ ಹೆಸರು ‘ರಾದಾ’ ಎಂದು ಅಚ್ಚಾಗಿತ್ತು. ತುಳು ಮಾತಾಡುವ ನಮ್ಮ ಬಾಯಲ್ಲಿ ಅವಳು ಎಂದೂ ‘ರಾದಕ್ಕ’ನೇ, ಟೈಪು ಮಾಡಿದವನು ಕೇಳಿದ್ದನ್ನು ಒತ್ತಿದ್ದ. ಯಾರೋ ಮಹಾಶಯರು ಕೆಂಪು ಮಸಿಯಲ್ಲಿ ‘ದ’ದ ಹೊಟ್ಟೆ ಸೀಳಿ ‘ಧ’ ಮಾಡಿದ್ದರು.

“ಹಾಕಿದವರ ಗುರುತು ಸಿಗ್ತದೆ ಅಂತಾದ್ರೆ ಇದು ಅಸಿಂಧು. ಯಾರಿಗಾದ್ರೂ ಗೊತ್ತುಂಟಾ?” ಎಂದರು ಅಧಿಕಾರಿ.

ನಾನು ಫ್ಯಾನು ನೋಡಿದೆ.

ಕುಸುಮಕ್ಕನ ಅಳಿಯ ವಸಂತ ಎದ್ದು ನಿಂತ. ಮೂಡುಬಿದಿರೆಯಲ್ಲಿ ನನ್ನ ಶಿಷ್ಯನಾಗಿದ್ದವನು. “ಗೊತ್ತುಂಟು ಸಾರ್. ಈ ಗೀಟು ನನ್ನ ಕಾಪಿ ಪುಸ್ತಕದಲ್ಲಿ ಮೂರು ವರ್ಷ ಇತ್ತು. ಹೊಟ್ಟೆ ಸೀಳುವಾಗ ಸ್ವಲ್ಪ ಎಡಕ್ಕೆ ವಾಲ್ತದೆ. ನಮ್ಮ ಮಾಸ್ಟ್ರದ್ದೇ!”

ರಾಧಾ ತಿರುಗಿದಳು. “ನೀವಾ?”

“ಹೆಸರು ತಪ್ಪಿತ್ತು,” ಎಂದೆ.

“ಹೆಸರು ಮಾತ್ರ ಅಲ್ಲ ಮಾರಾಯ್ರೆ, ಗಂಡನೂ ತಪ್ಪಿದ್ದು.”

ಅಧಿಕಾರಿ ಚೀಟಿಯ ಮೇಲೆ ದೊಡ್ಡದಾಗಿ ‘ಅಸಿಂದು’ ಎಂದು ಬರೆದರು. ಅಲ್ಲಿಯೂ ಹೊಟ್ಟೆ ಸೀಳಿರಲಿಲ್ಲ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಪೆನ್ನು ಅಷ್ಟರಲ್ಲೇ ರಾಧಾಳ ಮುಷ್ಟಿಯಲ್ಲಿತ್ತು.

ಕೊನೆಗೆ ಇಬ್ಬರ ಹೆಸರನ್ನೂ ಬರೆದು ಸ್ಟೀಲ್ ಲೋಟಕ್ಕೆ ಹಾಕಿ ಕುಸುಮಕ್ಕನಿಂದಲೇ ಎತ್ತಿಸಿದರು. ಆಕೆ ಎತ್ತಿದ್ದು ರಾಧಾಳ ಹೆಸರನ್ನು. ನನ್ನಿಂದಾಗದ ಉಪಕಾರವನ್ನು ಎದುರಾಳಿಯೇ ಮಾಡಿದರು.

ಈಗ ಸೊಸೈಟಿಗೆ ಮಾಡು ಬಂದಿದೆ. ಅದರ ಕೆಳಗೆ ಹೊಸ ಫಲಕ: ‘ನಿರ್ದೇಶಕರು: ಶ್ರೀಮತಿ ರಾದಾ’. ದಿನಾ ಬೆಳಿಗ್ಗೆ ಕ್ಯಾನು ಹಿಡಿದು ನೆರಳಲ್ಲಿ ನಿಂತು ಅದನ್ನೇ ನೋಡುತ್ತೇನೆ. ಎಷ್ಟು ಎತ್ತರಕ್ಕೆ ಹೊಡೆಯಬೇಕೆಂದು ಬಡಗಿ ಕೇಳಿದಾಗ, ರಾಧಾ ನನ್ನನ್ನೇ ಕುರ್ಚಿ ಹತ್ತಿಸಿ, ಕೈ ಎತ್ತಿಸಿ, ಅದಕ್ಕಿಂತ ಒಂದು ಗೇಣು ಮೇಲೆ ಹೊಡೆಸಿದ್ದಾಳೆ.